‘ಟೇಲಿಂಗ್ಸ್’ಗೆ ಒಂದು ಕನ್ನಡ ಪದ ಬೇಕು, ಶುಕ್ರವಾರದೊಳಗೆ

ಎಲ್ಲರಿಗೂ ನಮಸ್ಕಾರ. ಶುಕ್ರವಾರ ಪೇಂಟರ್ ಬರುತ್ತಾರೆ. ಅಷ್ಟರಲ್ಲಿ ಒಂದು ಪದ ಗಟ್ಟಿ ಮಾಡಬೇಕು.

ನಮ್ಮ ಶಾಲೆಯಲ್ಲಿ ಕಲ್ಲುಗಳ ಪುಟ್ಟ ಪ್ರದರ್ಶನ ಇಡುತ್ತಿದ್ದೇವೆ. ಬೈರಾಪುರದ ಕ್ರೋಮೈಟ್, ಹಳೇಬೀಡಿನ ಬಳಪದ ಕಲ್ಲು, ಬಾಬಾಬುಡನ್‌ಗಿರಿಯ ಕಬ್ಬಿಣದ ಅದಿರು, ಇವಕ್ಕೆಲ್ಲ ಹೆಸರು ಬರೆಸಿ ಆಯಿತು. ಕೆಜಿಎಫ್ ಮೇಜಿನ ಹತ್ತಿರ ಸಿಕ್ಕಿಕೊಂಡಿದ್ದೇನೆ. ಅಲ್ಲಿ ಒಂದು ಕಪ್ಪು ಕಲ್ಲು, ಅದರ ನಡುವೆ ಹೊಗೆ ಬಣ್ಣದ ಬೆಣಚುಕಲ್ಲಿನ ಎಳೆ. ಅದಕ್ಕೆ ತೊಂದರೆ ಇಲ್ಲ. ಸುಮಾರು 270 ಕೋಟಿ ವರ್ಷದ ಹಿಂದೆ ಲಾವಾ ಆಗಿ ಹರಿದದ್ದು ಬೆಂದು ಒತ್ತಿ ಕಪ್ಪು ಕಲ್ಲಾಯಿತು, ಬಿರುಕುಗಳಲ್ಲಿ ಬಿಸಿನೀರು ಬಂದು ಬೆಣಚನ್ನೂ ಚಿನ್ನವನ್ನೂ ಬಿಟ್ಟುಹೋಯಿತು ಅಂತ ಬರೆಸಿದ್ದೇನೆ. ಪಕ್ಕದಲ್ಲಿ ‘ಸೈನೈಡ್ ಗುಡ್ಡ’ದ ದೊಡ್ಡ ಫೋಟೋ ಇದೆ. ಆ ಗುಡ್ಡ ಯಾವುದರಿಂದ ಆಗಿದೆ ಅಂತ ಒಂದೇ ಪದದಲ್ಲಿ ಹೇಳಬೇಕು. ಇಂಗ್ಲಿಷಿನಲ್ಲಿ ಟೇಲಿಂಗ್ಸ್.

ಡಿಕ್ಷನರಿಗಳಲ್ಲಿ ‘ತ್ಯಾಜ್ಯ’, ‘ಕಸ’ ಅಂತಿದೆ. ನನಗೆ ಎರಡೂ ಒಪ್ಪಿಗೆಯಾಗಿಲ್ಲ. ಆಳದಿಂದ ತಂದ ಕಲ್ಲನ್ನು ಗಿರಣಿಯಲ್ಲಿ ಕುಟ್ಟಿ, ಹಿಟ್ಟು ಮಾಡಿ, ಪಾದರಸಕ್ಕೆ ಹಿಡಿಸಿ, ಉಳಿದದ್ದನ್ನು ಸೈನೈಡ್ ನೀರಿನಲ್ಲಿ ನೆನೆಸಿ, ಚಿನ್ನ ಬಸಿದುಕೊಂಡ ಮೇಲೆ ಉಳಿಯಿತಲ್ಲ, ಅದು ಇದು. ನನ್ನ ಅಕ್ಕನ ಮನೆ ಆ ಕಡೆ ಇದೆ. ಬೇಸಿಗೆಯಲ್ಲಿ ಗಾಳಿ ಎದ್ದರೆ ಸಾಕು, ತೊಳೆದು ಬೋರಲು ಹಾಕಿದ ಲೋಟದ ತಳದ ಮೇಲೂ ಅಕ್ಕಿ ಹಿಟ್ಟಿನಂಥ ನುಣ್ಣನೆ ಧೂಳು. ಬೆರಳಲ್ಲಿ ಗೆರೆ ಎಳೆಯಬಹುದು. ಅಕ್ಕ ಮತ್ತೆ ತೊಳೆಯುತ್ತಾಳೆ. ಅದಕ್ಕೆ ಸುಮ್ನೆ ‘ಕಸ’ ಅಂದುಬಿಟ್ಟರೆ ಅದು ಎಲ್ಲಿಂದ ಬಂತು ಅನ್ನುವುದೇ ಮಕ್ಕಳಿಗೆ ಗೊತ್ತಾಗುವುದಿಲ್ಲ.

ಬೋರ್ಡು ಎರಡೂವರೆ ಅಡಿ ಅಗಲ. ಪದ ಚಿಕ್ಕದಾದಷ್ಟು ಒಳ್ಳೆಯದು.

— ಹಾಸನ

*

ಗಣಿ ತ್ಯಾಜ್ಯ. ಪೇಪರಿನಲ್ಲಿ ಇದೇ ಬರುತ್ತದೆ, ಎಲ್ಲರಿಗೂ ಗೊತ್ತು. ಇದಕ್ಕೆ ಚರ್ಚೆ ಯಾಕೆ?

— ಚಿಕ್ಕಮಗಳೂರು

*

‘ತ್ಯಾಜ್ಯ’ ಬೇಡ. ‘ಗಣಿ’ಯೂ ಸಂಸ್ಕೃತದ ‘ಖನಿ’ಯಿಂದ ಇಳಿದದ್ದೇ. ಎರಡು ಪದ ಸೇರಿಸಿಯೂ ಒಂದು ಅಚ್ಚಗನ್ನಡ ಪದ ಹುಟ್ಟಲಿಲ್ಲ, ನೋಡಿ. ‘ಅದಿರು’ ಮಾತ್ರ ನಮ್ಮದು. ಅದನ್ನೇ ಹಿಡಿದು ‘ಅದಿರುಳಿಕೆ’ ಅನ್ನೋಣ.

ಇನ್ನೊಂದು ಮಾತು. ನೆಲದೊಳಗಿನ ‘ಅದಿರಿ’ಗೂ ನೆಲ ‘ಅದಿರುವು’ದಕ್ಕೂ ನಂಟಿದೆ ಅಂತ ನಾನು ಬಹಳ ದಿನದಿಂದ ಹೇಳುತ್ತಾ ಬಂದಿದ್ದೇನೆ. ಕೆಜಿಎಫ್‌ನಲ್ಲಿ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್ ದಾಟಿ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆ ಒತ್ತಡ ತಡೆಯಲಾರದೆ ಸಿಡಿಯುತ್ತಿತ್ತು, ಮೇಲಿನ ಊರೇ ಅದಿರುತ್ತಿತ್ತು. ಅದಿರು ತೆಗೆದ ಕಡೆ ನೆಲ ಅದಿರುತ್ತದೆ. ನಮ್ಮ ಹಿರಿಯರು ಇದನ್ನು ಕಂಡೇ ಹೆಸರಿಟ್ಟರು.

— ಕೊಪ್ಪ

*

ನಂಟಿಲ್ಲ. ಹಸುವನ್ನು ಕರೆಯುವುದು ಬೇರೆ, ಹಾಲು ಕರೆಯುವುದು ಬೇರೆ. ಉಲಿ ಒಂದಾದರೆ ಬೇರು ಒಂದಾಗುವುದಿಲ್ಲ. ನಮ್ಮ ಹಿರಿಯರು ಯಾರೂ 3 ಕಿಲೋಮೀಟರ್ ಇಳಿದಿರಲಿಲ್ಲ. ಅವರ ಕಾಲದಲ್ಲಿ ಬೆಂಕಿ ಹಾಕಿ ಬಂಡೆ ಕಾಯಿಸಿ, ನೀರು ಸುರಿದು ಬಿರುಕು ಬಿಡಿಸುತ್ತಿದ್ದರು. ರಾಯಚೂರು ಕಡೆಯ ಹಟ್ಟಿ ಚಿನ್ನದ ಗಣಿಯಲ್ಲಿ ಅಂಥ ಹಳೆಯ ತೋಡುಗಳು ಸಿಕ್ಕಿವೆ. ಅಲ್ಲಿ ಊರು ಅದಿರುವ ಮಾತೇ ಇಲ್ಲ.

‘ಅದಿರುಳಿಕೆ’ ಅಂದರೆ ಅದಿರು ಇನ್ನೂ ಉಳಿದಿದೆ ಅಂತ ಆಗುತ್ತದೆ. ಬೇಡ.

ಪ್ರಶ್ನೆ ಕೇಳಿದವರು ‘ಜಲಗಾರ’ ಪದದ ಕಡೆ ನೋಡಲಿ. ನಾವೆಲ್ಲ ಅದನ್ನು ಕಸ ಗುಡಿಸುವವ ಅಂತ ಓದಿಕೊಂಡು ಬಂದಿದ್ದೇವೆ. ಕಪ್ಪತಗುಡ್ಡದ ಕಡೆ ಜಲಗಾರರು ಅಂದರೆ ಹಳ್ಳದ ಮರಳು ತೊಳೆದು ಚಿನ್ನ ತೆಗೆಯುವವರು. ಮಳೆ ನಿಂತ ಮೇಲೆ ಮರಿಗೆಯಲ್ಲಿ ಮರಳು ತುಂಬಿ, ನೀರಲ್ಲಿ ಅಲ್ಲಾಡಿಸಿ, ಹಗುರಾದದ್ದನ್ನು ಹೊರಗೆ ಬಿಟ್ಟು, ತಳದಲ್ಲಿ ನಿಂತ ಕಪ್ಪು ಮರಳಿನಲ್ಲಿ ಹೊನ್ನು ಹುಡುಕುತ್ತಿದ್ದರು. ಅಕ್ಕಸಾಲಿಗರ ಅಂಗಡಿ ಮುಂದಿನ ಧೂಳನ್ನೂ ಬಿಡುತ್ತಿರಲಿಲ್ಲ. ಒಬ್ಬರಿಗೆ ಕಸ, ಇನ್ನೊಬ್ಬರಿಗೆ ಹೊನ್ನು. ಎರಡೂ ಅರ್ಥ ಒಂದೇ ಪದದಲ್ಲಿ ಕೂತಿವೆ. ‘ಅಕ್ಕಿ ಜಾಲಿಸು’ ಅನ್ನುತ್ತೇವಲ್ಲ, ಆ ‘ಜಾಲಿಸು’ವಿನಿಂದ ಬಂದಿರಬೇಕು ಅಂತ ನನ್ನ ಊಹೆ. ‘ಜಲ’ ಅಂತ ಕಂಡ ಕೂಡಲೇ ಸಂಸ್ಕೃತದ ನೀರಿಗೆ ಓಡಬೇಡಿ.

— ಬೇಲೂರು

*

ನಮ್ಮ ಕಡೆ ಇದಕ್ಕೆ ‘ಹೂಳು’ ಅಂತಲೇ ಅನ್ನುವುದು. ಕುದುರೆಮುಖದಲ್ಲಿ ಕಬ್ಬಿಣದ ಅದಿರು ಪುಡಿ ಮಾಡಿ, ಬೇಕಾದದ್ದನ್ನು ನೀರಲ್ಲಿ ಕಲಸಿ ಪೈಪಿನಲ್ಲಿ ಮಂಗಳೂರಿಗೆ ಕಳಿಸಿ, ಉಳಿದದ್ದನ್ನು ಲಕ್ಯಾ ಅಣೆಕಟ್ಟಿನಲ್ಲಿ ತುಂಬಿದರು. 2005ರ ಕೊನೆಗೆ ಗಣಿ ನಿಂತಿತು. ಹೂಳು ಹಾಗೇ ಇದೆ. ಟೇಲಿಂಗ್ಸ್ ಅಂದರೆ ಅದೇ ಅಲ್ವಾ?

— ಕಳಸ

*

ವಸ್ತು ಅದೇ, ಪದ ಅದಲ್ಲ. ಹೂಳು ಹೊಳೆ ತರುವುದು, ತಾನಾಗಿ ಕೂರುವುದು. ಇದು ಮನುಷ್ಯ ಮಾಡಿದ್ದು.

— ಬೇಲೂರು

*

ಎಲ್ಲರೂ ಒಂದು ನಿಮಿಷ ನಿಲ್ಲಿಸಿ. ‘ಟೇಲಿಂಗ್ಸ್’ ಅಂತಲೇ ಬರೆಸಿದರೆ ಏನು ಹೋಯಿತು? ಕಾಫಿ ತೋಟದಲ್ಲಿ ಬೆಳಗ್ಗೆ ಎದ್ದರೆ ಪಲ್ಪರ್, ಪಾರ್ಚ್‌ಮೆಂಟ್, ರೈಟರ್, ಲೈನು ಅನ್ನುತ್ತೇವೆ. ಕನ್ನಡ ಸತ್ತಿಲ್ಲ. ನಮ್ಮ ಆಳುಗಳು ಇಂಗ್ಲಿಷ್ ಓದಿದವರಲ್ಲ, ಆದರೂ ‘ಪಲ್ಪರಿಗೆ ಹಾಕು’ ಅಂದರೆ ಹಾಕುತ್ತಾರೆ. ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದವರು ಶಾಫ್ಟ್, ರೀಫ್, ಡಂಪ್ ಅನ್ನುತ್ತಲೇ ಬದುಕಿದರು. ಅವರ ಪದ ಅವರಿಗೆ ಬಿಡಿ. ಹಾಸನದಲ್ಲಿ ಕೂತು ಅವರ ಗುಡ್ಡಕ್ಕೆ ಹೊಸ ಹೆಸರು ಇಡಲು ನಾವು ಯಾರು?

— ಮೂಡಿಗೆರೆ

*

ಪಲ್ಪರ್ ಯಂತ್ರದ ಜೊತೆ ಬಂತು, ಉಳಿಯಿತು. ಸರಿ. ಟೇಲಿಂಗ್ಸ್ ಯಾರ ಬಾಯಲ್ಲಿದೆ? ಅಲ್ಲಿಯ ಜನರೂ ‘ಸೈನೈಡ್ ಗುಡ್ಡ’ ಅನ್ನುತ್ತಾರೆ, ಟೇಲಿಂಗ್ಸ್ ಅನ್ನುವುದಿಲ್ಲ. ಬಾಯಿಗೆ ಬಾರದ ಪದವನ್ನು ಬೋರ್ಡಿಗೆ ಏರಿಸುವುದು ಎರವಲಲ್ಲ, ಸೋಮಾರಿತನ. ಹೀಗೇ ಬಿಟ್ಟುಕೊಟ್ಟು ಕೊಟ್ಟೇ ಬೆಣಚುಕಲ್ಲು ಹೋಗಿ ಕ್ವಾರ್ಟ್ಜ್ ಆಯಿತು. ಹೊಲ ಉಳುವವನಿಗೆ ಗೊತ್ತಿದ್ದ ಕಲ್ಲು ಈಗ ಅವನ ಮಗನಿಗೆ ಪುಸ್ತಕದಲ್ಲಿ ಹೊಸದಾಗಿ ಸಿಗುತ್ತದೆ.

— ಕೊಪ್ಪ

*

ಪ್ರಶ್ನೆ ಕೇಳಿದವನು ನಾನು. ನಿನ್ನೆ ರಾತ್ರಿ ಎಲ್ಲವನ್ನೂ ಇನ್ನೊಮ್ಮೆ ಓದಿದೆ. ಕೊನೆಯ ಮಾತಿನಲ್ಲಿ ಕೊಪ್ಪದವರ ಪರ ನಾನು. ಆದರೆ ‘ಅದಿರುಳಿಕೆ’ಯನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ‘ಅದುರುವಿಕೆ’ ಅಂತ ಕೇಳಿಸಿಕೊಂಡಳು. ಹಾಗಾಗಿ ಬಿಟ್ಟೆ.

ಬೆಳಗ್ಗೆ ಕಾಫಿ ಫಿಲ್ಟರ್ ತೊಳೆಯುವಾಗ ಪದ ಸಿಕ್ಕಿತು. ಚರಟ. ಡಿಕಾಕ್ಷನ್ ಇಳಿದ ಮೇಲೆ ಮೇಲಿನ ಬಟ್ಟಲಲ್ಲಿ ಉಳಿಯುತ್ತದಲ್ಲ, ಅದು. ಕೆಲಸ ಒಂದೇ ನೋಡಿ. ಬೀಜ ಪುಡಿ ಮಾಡುತ್ತೇವೆ, ನೀರು ಹಾಕುತ್ತೇವೆ, ಸಾರ ನೀರಿಗೆ ಇಳಿಯುತ್ತದೆ, ಚರಟ ಉಳಿಯುತ್ತದೆ. ಅಲ್ಲಿ ಕಲ್ಲು, ಸೈನೈಡ್ ನೀರು, ಚಿನ್ನ. ಎರಡನೇ ಸಲ ನೀರು ಹಾಕಿದರೆ ಚರಟ ಇನ್ನೂ ಸ್ವಲ್ಪ ಬಿಡುತ್ತದೆ, ತೆಳ್ಳಗೆ. ಕೆಜಿಎಫ್ ಗುಡ್ಡಗಳಲ್ಲೂ ಹಾಗೇ. ಮೂರು ಕೋಟಿ ಟನ್ನಿಗೂ ಜಾಸ್ತಿ ಪುಡಿ ಇದೆ, ಟನ್ನಿಗೆ ಒಂದು ಗ್ರಾಂಗಿಂತ ಕಡಿಮೆ ಚಿನ್ನ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಆ ಪುಡಿಯಿಂದ ಮತ್ತೆ ಚಿನ್ನ ತೆಗೆಯಲು ರಾಜ್ಯದ ಸಚಿವ ಸಂಪುಟ 2024ರಲ್ಲಿ ಒಪ್ಪಿತು, 13 ಗುಡ್ಡಗಳಿಗೆ. ಎಸೆಯುವುದಕ್ಕೆ ಮಾತ್ರ ಇರುವುದು ತ್ಯಾಜ್ಯ. ಇದು ಅದಲ್ಲ.

‘ಚಿನ್ನದ ಚರಟ’ ಅಂತ ಬರೆಸಲೇ?

— ಹಾಸನ

*

ಚರಟ ಒಪ್ಪಿದೆ. ‘ಚಿನ್ನದ ಚರಟ’ ಬೇಡ. ಕಾಫಿಯ ಚರಟ ಕಾಫಿಯದೇ, ಇದು ಕಲ್ಲಿನದು. ‘ಚಿನ್ನ ತೆಗೆದ ಚರಟ’ ಅನ್ನಿ. ಪೇಂಟರಿಗೆ ಬರೆದು ಕೊಡಿ, ಇಲ್ಲದಿದ್ದರೆ ‘ಕರಟ’ ಅಂತ ಬರೆದು ಹೋಗುತ್ತಾರೆ.

— ಬೇಲೂರು

*

‘ಅದುರು’ ಅಂದರೂ ‘ಅದಿರು’ ಅಂದರೂ ನಡುಗುವುದೇ. ನಿಮ್ಮ ಮನೆಯವರು ನನ್ನ ಮಾತನ್ನೇ ಹೇಳಿದ್ದಾರೆ.

— ಕೊಪ್ಪ

*

ಹಾಸನದವರಿಗೆ ಒಂದು ಎಚ್ಚರಿಕೆ. ನಮ್ಮ ತಾಲ್ಲೂಕಿನ ಕೆಂಪಿನಕೋಟೆಯಲ್ಲೂ ಹಳೆಯ ಚಿನ್ನದ ಗಣಿ ಇದೆ. ನೀವು ಇಟ್ಟಿರುವ ಬೈರಾಪುರದ ಕ್ರೋಮೈಟ್ ಬಂದದ್ದೂ ನೆಲದಲ್ಲಿ ಪಟ್ಟಿಯಂತೆ ಹಬ್ಬಿರುವ ಅದೇ ನುಗ್ಗೇಹಳ್ಳಿ ಕಲ್ಲಿನಿಂದ. ಮುಂದೆ ಅಲ್ಲಿಯ ಫೋಟೋ ಇಟ್ಟರೆ ಗುಂಡಿಯ ಬಾಯಲ್ಲಿ ಬಿದ್ದಿರುವ ಒಡ್ಡೊಡ್ಡು ಕಲ್ಲಿಗೆಲ್ಲ ‘ಚರಟ’ ಅಂತ ಅಂಟಿಸಬೇಡಿ. ಗಿರಣಿಗೇ ಹೋಗದ ಕಲ್ಲು ಬೇರೆ. ಅಗೆಯುವಾಗ ಅಡ್ಡ ಬಂತು, ಪಕ್ಕಕ್ಕೆ ಹಾಕಿದರು, ಅಷ್ಟೇ. ಅದಕ್ಕೆ ‘ಕಲ್ಲುಗುಪ್ಪೆ’ ಸಾಕು.

— ಚನ್ನರಾಯಪಟ್ಟಣ

*

ಕಲ್ಲುಗುಪ್ಪೆಯನ್ನೂ ಬರೆದಿಟ್ಟುಕೊಂಡೆ. ಬೋರ್ಡಿನಲ್ಲಿ ದೊಡ್ಡಕ್ಷರದಲ್ಲಿ ‘ಸೈನೈಡ್ ಗುಡ್ಡ’, ಮೂಡಿಗೆರೆಯವರು ಹೇಳಿದಂತೆ ಅಲ್ಲಿಯವರ ಪದವೇ ಮೇಲೆ. ಕೆಳಗಿನ ಸಾಲಿನಲ್ಲಿ ‘ಚಿನ್ನ ತೆಗೆದ ಚರಟ’. ಪೇಂಟರಿಗೆ ಕಾಗದ ಕೊಟ್ಟೆ, ‘ಚ’ದ ಸುತ್ತ ಗೆರೆ ಹಾಕಿ.

— ಹಾಸನ