ಗ್ಯಾಸ್ ಕೊಳವೆಯ ಡೆನ್ಸಿಟಿ ಮೀಟರ್: ಉಳಿಸಿಕೊಳ್ಳುವುದೋ, ಕಿತ್ತು ಹಾಕುವುದೋ? ಅನುಭವ ಇರುವವರು ಹೇಳಿ

ತುಮಕೂರು ಮೀಟರಿಂಗ್
ನಮ್ಮ ಕಾರ್ಖಾನೆಗೆ ಗ್ಯಾಸ್ ಬರುವಲ್ಲಿ ನಮ್ಮದೇ ಒಂದು ಚೆಕ್ ಮೀಟರಿಂಗ್ ಸ್ಕಿಡ್ (ಸರಬರಾಜುದಾರರ ಅಳತೆಯನ್ನು ತಾಳೆ ನೋಡುವ ಮೀಟರುಗಳ ಚೌಕಟ್ಟು) ಇದೆ. ಬಿಲ್ಲಿನ ಮೀಟರ್ ಸರಬರಾಜುದಾರರದ್ದು. ನಮ್ಮದು ಆರಿಫೈಸ್ (ರಂಧ್ರದ ತಟ್ಟೆಯ ಎರಡು ಬದಿಯ ಒತ್ತಡದ ವ್ಯತ್ಯಾಸದಿಂದ ಹರಿವು ಅಳೆಯುವಂಥದ್ದು), ಒತ್ತಡ 40 ಬಾರ್ ಆಸುಪಾಸು, ಕೊಳವೆಯ ಪಾಕೆಟ್‌ನಲ್ಲಿ (ಕೊಳವೆಯೊಳಕ್ಕೆ ಇಳಿದ ಮುಚ್ಚಿದ ತೋಳಿನಲ್ಲಿ) ಕೂತು, ಒಳಗಿನ ಸಿಲಿಂಡರಿನ ಕಂಪನದಿಂದ ಗ್ಯಾಸಿನ ಸಾಂದ್ರತೆ ಅಳೆಯುವ ಡೆನ್ಸಿಟಿ ಮೀಟರ್ ಎರಡು. ಇವೆರಡರ ಓದಿನ ನಡುವೆ 0.6% ವ್ಯತ್ಯಾಸ ಬಂದು ಅಲಾರಂ ಆಗುತ್ತಿದೆ, ಮಧ್ಯಾಹ್ನ ಹೆಚ್ಚು. ಹೊಸ ಜೋಡಿ ತರಿಸಬೇಕೇ, ಅಥವಾ ಎರಡನ್ನೂ ತೆಗೆದು ಜಿ.ಸಿ. (ಗ್ಯಾಸ್ ಕ್ರೊಮ್ಯಾಟೊಗ್ರಾಫ್, ಗ್ಯಾಸಿನಲ್ಲಿ ಏನೇನು ಎಷ್ಟಿದೆ ಎಂದು ಅಳೆಯುವ ಯಂತ್ರ) ಕೊಡುವ ಸಂಯೋಜನೆಯಿಂದ ಎಜಿಎ-8 (ನೈಸರ್ಗಿಕ ಅನಿಲಕ್ಕೆಂದು ಇರುವ ಪ್ರಮಾಣಿತ ಸಮೀಕರಣ) ಲೆಕ್ಕದಲ್ಲೇ ಸಾಂದ್ರತೆ ಪಡೆಯಬೇಕೇ? ಮುಂದಿನ ವಾರ ಮ್ಯಾನೇಜರ್ ಮುಂದೆ ಹೇಳಬೇಕು.

ಸುರತ್ಕಲ್ ಟೆಕ್ನೀಷಿಯನ್
ತೆಗೆಯಬೇಡಿ. ನಾನು ಈ ಮೀಟರುಗಳ ಜೊತೆಯಲ್ಲೇ ಕೆಲಸ ಕಲಿತವನು. ನಮ್ಮಲ್ಲಿ ಸ್ಕಿಡ್ ಕಟ್ಟಿದ ಗುತ್ತಿಗೆದಾರರು ಸ್ಯಾಂಪಲ್ ರಿಟರ್ನ್ ಲೈನನ್ನು (ಡೆನ್ಸಿಟಿ ಮೀಟರಿನಿಂದ ಗ್ಯಾಸ್ ಕೊಳವೆಗೆ ಮರಳುವ ಟ್ಯೂಬ್), ಒತ್ತಡದ ವ್ಯತ್ಯಾಸ ಅಳೆಯುವ ಡಿಪಿ ಟ್ರಾನ್ಸ್‌ಮಿಟರಿನ ಕೆಳಗಿನ ಟ್ಯಾಪಿಂಗ್‌ಗೇ (ಆರಿಫೈಸ್ ದಾಟಿದ ಬದಿಯಲ್ಲಿ ಒತ್ತಡ ತೆಗೆಯುವ ತೂತಿಗೇ) ಟೀ ಹಾಕಿ ಸೇರಿಸಿಬಿಟ್ಟಿದ್ದರು. ಸ್ಯಾಂಪಲ್ ಹರಿದಾಗಲೆಲ್ಲ ಡಿಪಿ ಸುಳ್ಳು ಹೇಳುತ್ತಿತ್ತು, ದೋಷ ಮಾತ್ರ ಡೆನ್ಸಿಟಿ ಮೀಟರಿನ ತಲೆಗೆ. ಮೀಟರ್ ಕಳಿಸಿ, ಕಾರ್ಡ್ ಬದಲಿಸಿ, ಬ್ಯಾರಿಯರ್ ಬದಲಿಸಿ ಎಂದು ಮೂರು ಲಕ್ಷಕ್ಕೂ ಮೇಲೆ ಸುಟ್ಟ ನಂತರ ನಾನೇ ಸ್ಕೆಚ್ ಬರೆದು ತೋರಿಸಿದೆ. ರಿಟರ್ನ್‌ಗೆ ಬೇರೆ ಟ್ಯಾಪಿಂಗ್ ಕೊಟ್ಟ ದಿನದಿಂದ ಇವತ್ತಿನವರೆಗೂ ಗಲಾಟೆ ಇಲ್ಲ.

ಇನ್ನೊಂದು. ಡೆನ್ಸಿಟಿ ಮೀಟರಿನ ಸ್ಯಾಂಪಲ್ ಹರಿವನ್ನು ಒಳಬರುವ ವಾಲ್ವಿನಿಂದ ಮಾತ್ರ ಹಿಡಿತದಲ್ಲಿಡಬೇಕು, ಹೊರಹೋಗುವ ವಾಲ್ವ್ ಪೂರ್ತಿ ತೆರೆದಿರಬೇಕು. ಆಗಷ್ಟೇ ಮೀಟರಿನೊಳಗಿನ ಒತ್ತಡ ಕೆಳಟ್ಯಾಪಿಂಗ್‌ನ ಒತ್ತಡಕ್ಕೆ ಸಮ. ಹೊಸದಾಗಿ ಬಂದ ಹುಡುಗರು ಇದನ್ನೇ ಉಲ್ಟಾ ಮಾಡುತ್ತಾರೆ. ಪಾಕೆಟ್‌ನಲ್ಲಿ ಎಣ್ಣೆ (ಕೊಳವೆಯ ಉಷ್ಣಾಂಶವನ್ನು ಮೀಟರಿಗೆ ತಲುಪಿಸಲು ಹಾಕುವುದು) ಇದೆಯೇ ನೋಡಿ. ಫಿಲ್ಟರ್ ತೆಗೆದು ಬೆರಳಿನಿಂದ ಒರೆಸಿದರೆ ಕಪ್ಪು ಪುಡಿ ಅಂಟಿದರೆ ಕೊಳವೆಯೊಳಗಿನ ಕಬ್ಬಿಣದ ಸಲ್ಫೈಡ್ ಇರಬಹುದು. ಸಿಲಿಂಡರಿನ ಮೇಲೆ ಕೂತರೆ ಸಾಂದ್ರತೆ ಹೆಚ್ಚು ತೋರಿಸುತ್ತದೆ.

ಲೆಕ್ಕದವನು
ತೆಗೆದುಬಿಡಿ. ನಾವು ತೆಗೆದೆವು, ನೆಮ್ಮದಿಯಾಗಿದ್ದೇವೆ.

ನಮ್ಮ ಕಥೆ ಕೇಳಿ. ಒಂದು ಮೀಟರನ್ನು ಕ್ಯಾಲಿಬ್ರೇಷನ್‌ಗೆ ವಿದೇಶಕ್ಕೆ ಕಳಿಸಿದೆವು. ಕ್ಯಾಲಿಬ್ರೇಷನ್ ಶುಲ್ಕ 1,85,000. ಹೋಗಿ ಬರುವ ವಿಮಾನ ಸಾಗಣೆ, ಮರದ ಪೆಟ್ಟಿಗೆ, ವಿಮೆ ಸೇರಿ 74,000. ವಾಪಸು ಬರುವಾಗ ರಫ್ತು ಕಾಗದದಲ್ಲಿದ್ದ ಸೀರಿಯಲ್ ನಂಬರಿನ ಒಂದು ಅಂಕಿ ಹೊಂದಲಿಲ್ಲವೆಂದು ಕಸ್ಟಮ್ಸ್‌ನಲ್ಲಿ ನಿಂತಿತು. ಗೋದಾಮಿನ ಬಾಡಿಗೆ, ಏಜೆಂಟರ ಓಡಾಟ, ಮತ್ತೆ ಪ್ರಮಾಣಪತ್ರ, ಅದೊಂದು 38,000. ಕೊನೆಗೆ ಪೆಟ್ಟಿಗೆ ಬಿಚ್ಚಿದಾಗ ವ್ಯಾಕ್ಯೂಮ್ ಪೀರಿಯಡ್ (ಒಳಗೆ ನಿರ್ವಾತ ಇದ್ದಾಗ ಸಿಲಿಂಡರಿನ ಒಂದು ಕಂಪನಕ್ಕೆ ಹಿಡಿಯುವ ಸಮಯ) ಸರ್ಟಿಫಿಕೇಟಿಗೆ ಹೊಂದಲೇ ಇಲ್ಲ. ಸಾಗಣೆಯಲ್ಲಿ ಎಲ್ಲೋ ಬಿದ್ದಿದೆ. ಹೊರಗೆ ಒಂದು ಗೀರೂ ಇಲ್ಲವಾದ್ದರಿಂದ ವಿಮೆಯವರು ಕೈ ಎತ್ತಿದರು. ಒಳಗಿನ ಸಿಲಿಂಡರ್ ಕಾಗದದಷ್ಟು ತೆಳುವಾದದ್ದು ಎಂದು ಅವರಿಗೆ ಅರ್ಥ ಮಾಡಿಸುವವರು ಯಾರು?

ನಮ್ಮ ದೇಶದಲ್ಲಿ ಗ್ಯಾಸಿನ ಬಿಲ್ಲು ಶಕ್ತಿಯ ಲೆಕ್ಕದಲ್ಲಿ, ಎಂಎಂಬಿಟಿಯುನಲ್ಲಿ (ಹತ್ತು ಲಕ್ಷ ಬ್ರಿಟಿಷ್ ಥರ್ಮಲ್ ಯೂನಿಟ್). ಅದಕ್ಕೆ ಜಿ.ಸಿ. ಹೇಗೂ ಬೇಕು. ಸಂಯೋಜನೆ ಗೊತ್ತು, ಒತ್ತಡ ಗೊತ್ತು, ಉಷ್ಣಾಂಶ ಗೊತ್ತು. ಸಾಂದ್ರತೆ ತಾನಾಗಿ ಬರುತ್ತದೆ. ಅದಕ್ಕಾಗಿ ಪ್ರತ್ಯೇಕ ಯಂತ್ರ ಸಾಕುವುದೇಕೆ?

ಸುರತ್ಕಲ್ ಟೆಕ್ನೀಷಿಯನ್
"ತಾನಾಗಿ ಬರುತ್ತದೆ" ಎನ್ನುವವರು ಒಮ್ಮೆ ಜಿ.ಸಿ. ಶೆಲ್ಟರಿಗೆ ಬಂದು ನಿಲ್ಲಬೇಕು. ಜಿ.ಸಿ. ನಡೆಸಲು ಬೇಕಾದ ಹೀಲಿಯಂ ಸಿಲಿಂಡರಿನ ಬೆಲೆ ನೋಡಿದ್ದೀರಾ? ನಮ್ಮ ದೇಶಕ್ಕೆ ಅದು ಆಮದಾಗಿಯೇ ಬರಬೇಕು. ಕ್ಯಾಲಿಬ್ರೇಷನ್ ಗ್ಯಾಸಿನ ಅವಧಿ ಮುಗಿದರೆ ಹೊಸದು ಬರುವವರೆಗೆ ಹಳೆಯ ಸಂಯೋಜನೆಯನ್ನೇ ಫ್ಲೋ ಕಂಪ್ಯೂಟರಿನಲ್ಲಿ (ಹರಿವು ಲೆಕ್ಕ ಹಾಕುವ ಕಂಪ್ಯೂಟರ್) ಕೈಯಿಂದ ತುಂಬಿಸಿ ಕೂರುತ್ತೀರಿ. ಆಗ ನಿಮ್ಮ ಸಾಂದ್ರತೆ ಎಲ್ಲಿಂದ ಬಂತು? ಕಚೇರಿಯ ಎ.ಸಿ.ಯಲ್ಲಿ ಕೂತು ಸಮೀಕರಣ ನಂಬುವುದು ಸುಲಭ. ಜಿ.ಸಿ. ಒಂದು ಸುತ್ತು ಮುಗಿಸಲು ನಾಲ್ಕೈದು ನಿಮಿಷ. ಡೆನ್ಸಿಟಿ ಮೀಟರ್ ಬಿಡುವಿಲ್ಲದೆ ಅಳೆಯುತ್ತದೆ.

ಲೆಕ್ಕದವನು
ನಾನು ಎ.ಸಿ.ಯಲ್ಲಿ ಕೂತವನಲ್ಲ. ಆ ಮೀಟರನ್ನು ಪಾಕೆಟ್‌ನಿಂದ ಎತ್ತಿದ್ದು ಇದೇ ಕೈ. ವೈಯಕ್ತಿಕವಾಗಿ ಮಾತನಾಡಬೇಡಿ. ನಾಲ್ಕು ನಿಮಿಷದಲ್ಲಿ ನೈಸರ್ಗಿಕ ಅನಿಲದ ಸಂಯೋಜನೆ ಎಷ್ಟು ಬದಲಾಗುತ್ತದೆ? ಎಲ್‌ಎನ್‌ಜಿ (ದ್ರವರೂಪದ ನೈಸರ್ಗಿಕ ಅನಿಲ) ಮೂಲ ಬದಲಾದರೆ ಬದಲಾಗುತ್ತದೆ, ಅದು ಪ್ರತಿ ಗಂಟೆಯ ಮಾತಲ್ಲ. ಆರಿಫೈಸ್ ಸಮೀಕರಣದಲ್ಲಿ ಸಾಂದ್ರತೆ ವರ್ಗಮೂಲದ ಒಳಗಿದೆ. 0.6% ತಪ್ಪು ಹರಿವಿನಲ್ಲಿ 0.3% ಆಗುತ್ತದೆ. ಅದಕ್ಕೆ ಇಷ್ಟು ರಂಪವೇ?

ಸುರತ್ಕಲ್ ಟೆಕ್ನೀಷಿಯನ್
ವರ್ಷವಿಡೀ 0.3% ಎಂದರೆ ಎಷ್ಟು ಹಣ ಎಂದು ನಿಮ್ಮ ಹಣಕಾಸು ವಿಭಾಗದವರನ್ನು ಕೇಳಿ. ನಂತರ "ಅದಕ್ಕೆ" ಎನ್ನಿ.

ಗುಜರಾತಿನ ಕನ್ನಡತಿ
ನಿಮ್ಮಿಬ್ಬರ ಜಗಳದಲ್ಲಿ ಒಂದು ದೊಡ್ಡ ವಿಷಯ ಬಿಟ್ಟುಹೋಗಿದೆ: ಎಲ್ಲರೂ ಸಾಗಿಸುವುದು ನೈಸರ್ಗಿಕ ಅನಿಲವನ್ನಲ್ಲ. ನಾನು ನೋಡಿಕೊಳ್ಳುವುದು ಎಥಿಲೀನ್ ಲೈನ್. ಅದರ ನಿರ್ಣಾಯಕ ಬಿಂದು (ಅನಿಲಕ್ಕೂ ದ್ರವಕ್ಕೂ ವ್ಯತ್ಯಾಸ ಅಳಿಯುವ ಉಷ್ಣಾಂಶ ಮತ್ತು ಒತ್ತಡ) 9.2 ಡಿಗ್ರಿ, 50.4 ಬಾರ್. ನಮ್ಮ ಚಲಾವಣೆಯ ಒತ್ತಡ ಅದರ ನೆರೆಯಲ್ಲೇ. ಉಷ್ಣಾಂಶ ಸ್ವಲ್ಪ ಅಲುಗಿದರೆ ಸಾಂದ್ರತೆ ಎಲ್ಲಿಗೋ ಹೋಗುತ್ತದೆ. ಎಜಿಎ-8ರ ಘಟಕಗಳ ಪಟ್ಟಿಯಲ್ಲಿ ಎಥಿಲೀನ್ ಇಲ್ಲವೇ ಇಲ್ಲ. ಇಲ್ಲಿ ನೇರವಾಗಿ ಅಳೆಯದೆ ಗತಿಯಿಲ್ಲ.

ಆದರೆ ಅಳೆದರೆ ಸಾಲದು. ಮೀಟರಿನ ಕಾರ್ಖಾನೆ ಕ್ಯಾಲಿಬ್ರೇಷನ್ ನೈಟ್ರೋಜನ್‌ನಲ್ಲಿ ಆಗಿರುತ್ತದೆ. 20 ಡಿಗ್ರಿಯಲ್ಲಿ ನೈಟ್ರೋಜನ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 349 ಮೀಟರ್, ಮೀಥೇನ್‌ನಲ್ಲಿ 446. ನಿರ್ಣಾಯಕ ಬಿಂದುವಿನ ಹತ್ತಿರದ ಎಥಿಲೀನ್‌ನಲ್ಲಿ ಅದು ತೀರಾ ಕುಸಿಯುತ್ತದೆ. ಕಂಪಿಸುವ ಸಿಲಿಂಡರಿಗೆ ಈ ವ್ಯತ್ಯಾಸ ತಟ್ಟುತ್ತದೆ, ಆದ್ದರಿಂದ ಶಬ್ದವೇಗದ ತಿದ್ದುಪಡಿ ಹಾಕಲೇಬೇಕು. ನಮ್ಮ ಹಿಂದಿನ ಗುತ್ತಿಗೆದಾರರು ಫ್ಲೋ ಕಂಪ್ಯೂಟರಿನಲ್ಲಿ ಆ ತಿದ್ದುಪಡಿಯನ್ನು ಮೀಥೇನ್‌ಗೆ ಹೊಂದಿಸಿಟ್ಟು ಹೋಗಿದ್ದರು. ಎರಡು ಕಂಪನಿಗಳ ನಡುವಿನ ದ್ರವ್ಯರಾಶಿ ಲೆಕ್ಕ ತಿಂಗಳುಗಟ್ಟಲೆ ಕೂಡಲಿಲ್ಲ. ಎರಡೂ ಕಡೆಯವರು ವಕೀಲರನ್ನು ಇಟ್ಟುಕೊಂಡು ಪತ್ರ ಬರೆದರು. ಕಡೆಗೆ ಸಿಕ್ಕಿದ್ದು ಮೆನುವಿನ ಮೂರನೇ ಪುಟದ ಒಂದು ಆಯ್ಕೆ. ಆ ಪತ್ರಗಳಿಗೆ ಸುರಿದ ಹಣದಲ್ಲಿ ನಾಲ್ಕು ಹೊಸ ಮೀಟರ್ ಬರುತ್ತಿತ್ತು.

ಲೆಕ್ಕದವನು
ಎಥಿಲೀನ್ ಬೇರೆ ಮಾತು, ಒಪ್ಪುತ್ತೇನೆ. ಕೇಳಿದವರದ್ದು ನೈಸರ್ಗಿಕ ಅನಿಲ.

ಗುಜರಾತಿನ ಕನ್ನಡತಿ
ಅವರು "ಗ್ಯಾಸ್" ಎಂದಷ್ಟೇ ಬರೆದಿದ್ದಾರೆ. ಎಜಿಎ-8 ಎಂದದ್ದರಿಂದ ನೈಸರ್ಗಿಕ ಅನಿಲ ಇರಬಹುದು. ಆದರೆ ಇದನ್ನು ಮುಂದೆ ಓದುವವರೂ ಇದ್ದಾರೆ. "ತೆಗೆದುಬಿಡಿ" ಎಂದು ಒಂದೇ ಮಾತಿನಲ್ಲಿ ಹೇಳಿದ್ದಕ್ಕೆ ನನ್ನ ಆಕ್ಷೇಪ.

ದೋಹಾ ಕನ್ನಡಿಗ
ಇಪ್ಪತ್ತು ವರ್ಷದಿಂದ ಕೊಲ್ಲಿಯಲ್ಲಿದ್ದೇನೆ. ನಮ್ಮಲ್ಲಿ ಡೆನ್ಸಿಟಿ ಮೀಟರೂ ಇದೆ, ಜಿ.ಸಿ.ಯೂ ಇದೆ. ಅಳೆದ ಸಾಂದ್ರತೆಯನ್ನು ಲೆಕ್ಕದ ಸಾಂದ್ರತೆಯ ಪಕ್ಕದಲ್ಲಿಟ್ಟು ದಿನವೂ ನೋಡುತ್ತೇವೆ. ಎರಡು ಡೆನ್ಸಿಟಿ ಮೀಟರ್ ಒಂದೇ ರೀತಿ ಕೊಳೆಯಾದರೆ ಒಂದನ್ನೊಂದು ಸಮರ್ಥಿಸುತ್ತವೆ, ಅಲಾರಂ ಬರುವುದೇ ಇಲ್ಲ. ಮೂರನೆಯ ಸಾಕ್ಷಿ ಬೇಕು.

ನಾನು ಹೆಚ್ಚು ನರಳಿದ್ದು ಎಸ್‌ಜಿ ಮೀಟರಿನಿಂದ. ಸಾಪೇಕ್ಷ ಸಾಂದ್ರತೆ (ಗಾಳಿಗೆ ಹೋಲಿಸಿದ ಸಾಂದ್ರತೆ) ಅಳೆಯುವುದು, ಒಳಗೆ ರೆಫರೆನ್ಸ್ ಕೋಣೆ ಇರುವಂಥದ್ದು. ಎರಡು ಪ್ರಮಾಣಿತ ಅನಿಲ ಬಿಟ್ಟು ಹೊಂದಿಸಬೇಕು. ಶುದ್ಧ ಮೀಥೇನ್ 0.554, ನೈಟ್ರೋಜನ್ 0.967. ನಮಗೆ ಬಂದ ಮೀಥೇನ್ ಸಿಲಿಂಡರಿನ ಪ್ರಮಾಣಪತ್ರದಲ್ಲಿ ಶುದ್ಧತೆ ಒಂದು, ಒಳಗಿದ್ದದ್ದು ಇನ್ನೊಂದು. ಅದನ್ನು ನಂಬಿ ಹೊಂದಿಸಿದ ಮೇಲೆ ಇಡೀ ಲೈನ್ ಹಗುರವಾದ ಗ್ಯಾಸ್ ಕೊಡುತ್ತಿದೆ ಎಂದು ಗ್ರಾಹಕರು ದೂರು ಕೊಟ್ಟರು. ಬದಲಿ ಸಿಲಿಂಡರ್ ಬರಲು ಹಡಗು, ಬಂದರಿನ ಅನುಮತಿ, ಸ್ಫೋಟಕ ಸಾಗಣೆಯ ಕಾಗದ. ಸಿಲಿಂಡರಿನ ಬೆಲೆಗಿಂತ ಸಾಗಣೆಯ ಬೆಲೆ ಹೆಚ್ಚು.

ವ್ಯಾಕ್ಯೂಮ್ ಚೆಕ್ ಬಗ್ಗೆ: ಒಳ್ಳೆಯ ಪಂಪ್ ಇಲ್ಲದಿದ್ದರೆ ಮಾಡಲೇಬೇಡಿ. ಅರೆಬರೆ ನಿರ್ವಾತದಲ್ಲಿ ಪೀರಿಯಡ್ ಓದಿ "ಮೀಟರ್ ಕೆಟ್ಟಿದೆ" ಎಂದು ಬರೆದಿಡುವವರನ್ನು ಬಹಳ ನೋಡಿದ್ದೇನೆ.

ಸುರತ್ಕಲ್ ಟೆಕ್ನೀಷಿಯನ್
ಅಣ್ಣ, ಪಂಪ್ ಎಷ್ಟೇ ಒಳ್ಳೆಯದಿರಲಿ, ಕೂಡುವ ಜಾಗ ಸೋರಿದರೆ ಏನೂ ಆಗದು. ಮೊದಲು ಆ ಫಿಟ್ಟಿಂಗ್ ನೋಡಬೇಕು. ಮತ್ತೆ, ಸಿಲಿಂಡರಿಗೆ ಅಂಟಿದ ಗ್ಲೈಕಾಲ್ ಅಥವಾ ಕಂಪ್ರೆಸರ್ ಎಣ್ಣೆ ಒಣಗದೆ ವ್ಯಾಕ್ಯೂಮ್ ಹಾಕಿದರೆ ಪೀರಿಯಡ್ ನಿಲ್ಲುವುದೇ ಇಲ್ಲ. ಅದು ಮೀಟರಿನ ದೋಷವಲ್ಲ.

ದೋಹಾ ಕನ್ನಡಿಗ
ನಾನು ಹೇಳಿದ್ದೂ ಅದನ್ನೇ. ಪ್ರತಿ ಮಾತಿಗೂ ಪಾಠ ಹೇಳುವ ಅಗತ್ಯವಿಲ್ಲ.

ಬಳ್ಳಾರಿ ಬಿಸಿಲು
ಯಾರೂ ಆ ಮನುಷ್ಯ "ಮಧ್ಯಾಹ್ನ" ಎಂದು ಬರೆದದ್ದನ್ನು ಓದಲಿಲ್ಲವೇ?

ಈ ಮೀಟರ್ ಕೆಲಸ ಮಾಡುವುದೇ ಒಳಗಿನ ಗ್ಯಾಸ್ ಮತ್ತು ಕೊಳವೆಯ ಗ್ಯಾಸ್ ಒಂದೇ ಉಷ್ಣಾಂಶದಲ್ಲಿವೆ ಎಂಬ ನಂಬಿಕೆಯ ಮೇಲೆ. 40 ಬಾರ್‌ನಲ್ಲಿ ಒಂದು ಡಿಗ್ರಿ ತಪ್ಪಿದರೆ ಸಾಂದ್ರತೆ ಸುಮಾರು 0.4% ತಪ್ಪುತ್ತದೆ. 0.6% ಎಂದರೆ ಒಂದೂವರೆ ಡಿಗ್ರಿ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಬರಿಯ ಸ್ಯಾಂಪಲ್ ಟ್ಯೂಬ್ ಮುಟ್ಟಿದರೆ ಕೈ ಸುಡುತ್ತದೆ, ಒಂದೂವರೆ ಡಿಗ್ರಿ ಯಾವ ಲೆಕ್ಕ?

ನಾನು ಶೀಟಿನ ಮಾಡು ಹಾಕಿಸಿ ಎಂದು ಬರೆದ ಟಿಪ್ಪಣಿ ಮೂರು ಬಾರಿ ವಾಪಸು ಬಂತು. 22,000 ರೂಪಾಯಿಯ ಮಾಡು. ಬಜೆಟ್ ಇಲ್ಲ ಎಂದರು. ಅದೇ ವರ್ಷ ಅದೇ ಜನ ಹೊಸ ಮೀಟರಿಗೆ 9 ಲಕ್ಷದ ಆರ್ಡರ್ ಕೊಟ್ಟರು. ಹೊಸದೂ ಮಧ್ಯಾಹ್ನ ಹಾಗೆಯೇ ಓದಿತು. ಆಮೇಲೆ ಮಾಡು ಬಂತು, ಕೊಳವೆಗೂ ಸ್ಯಾಂಪಲ್ ಲೈನಿಗೂ ಮೀಟರಿನ ತಲೆಗೂ ಲ್ಯಾಗಿಂಗ್ (ಶಾಖ ತಡೆಯುವ ಹೊದಿಕೆ) ಬಂತು, ಎಲ್ಲ ಸರಿಹೋಯಿತು. ಹಳೆಯ ಮೀಟರ್ ಇವತ್ತಿಗೂ ಸ್ಟೋರಿನಲ್ಲಿದೆ, ಅದರಲ್ಲಿ ಏನೂ ದೋಷವಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಲೆಕ್ಕದವನು
ಉಷ್ಣಾಂಶ ತಪ್ಪಿದರೆ ಕೆಡುವ ಯಂತ್ರಕ್ಕೆ ಮಾಡು ಕಟ್ಟಿ ಕಾಯುವುದು. ನಾನು ಹೇಳಿದ್ದಕ್ಕೆ ಇದೇ ಪುರಾವೆ.

ಬಳ್ಳಾರಿ ಬಿಸಿಲು
ನಿಮ್ಮ ಎಜಿಎ-8ಕ್ಕೆ ಉಷ್ಣಾಂಶ ಕೊಡುವುದು ಯಾರು ಸ್ವಾಮಿ? ಉಷ್ಣಾಂಶ ಅಳೆಯಲು ಅದೇ ಕೊಳವೆಯೊಳಕ್ಕೆ ಇಳಿಸಿದ ತೋಳು, ಅಂದರೆ ಥರ್ಮೊವೆಲ್‌ನಲ್ಲಿ ಕೂತ ಆರ್‌ಟಿಡಿ. ಥರ್ಮೊವೆಲ್ ತಲೆ ಬಿಸಿಲಿಗೆ ಬಿದ್ದರೆ ಅದೂ ತಪ್ಪುತ್ತದೆ, ಅಲಾರಂ ಕೊಡಲು ಜೊತೆಗಾರ ಇಲ್ಲದೆ ಸದ್ದಿಲ್ಲದೆ ತಪ್ಪುತ್ತದೆ.

ಲೆಕ್ಕದವನು
ಜೊತೆಗೆ ಎರಡನೇ ಆರ್‌ಟಿಡಿ ಹಾಕಿಕೊಳ್ಳಿ. ಅದರ ಬೆಲೆ ಮೀಟರಿನ ಬೆಲೆಯ ನೂರನೇ ಒಂದು ಪಾಲೂ ಇಲ್ಲ.

ಗುಜರಾತಿನ ಕನ್ನಡತಿ
ಅದೂ ಅದೇ ಬಿಸಿಲಿನಲ್ಲೇ ನಿಂತಿರುತ್ತದಲ್ಲ.

ತುಮಕೂರು ಮೀಟರಿಂಗ್
ಎಲ್ಲರಿಗೂ ಧನ್ಯವಾದ. ನಮ್ಮದು ನೈಸರ್ಗಿಕ ಅನಿಲವೇ. ನಿನ್ನೆ ನೋಡಿದೆ: ಎ ಮೀಟರಿಗೆ ಲ್ಯಾಗಿಂಗ್ ಇದೆ. ಬಿ ಮೀಟರಿನ ತಲೆಯ ಮೇಲಿನದ್ದನ್ನು ಕೇಬಲ್ ಗ್ಲ್ಯಾಂಡ್ ಬದಲಿಸಿದವರು ಬಿಚ್ಚಿ ಪಕ್ಕಕ್ಕೆ ಎಸೆದಿದ್ದಾರೆ. ಆದರೆ ಬೆಳಗಿನ ಜಾವ ನಾಲ್ಕು ಗಂಟೆಗೂ 0.2% ವ್ಯತ್ಯಾಸ ಉಳಿಯುತ್ತದೆ. ಅದಕ್ಕೇನು ಮಾಡುವುದು? ಶಟ್‌ಡೌನ್ ಕೇಳಬೇಕೇ?

ಸುರತ್ಕಲ್ ಟೆಕ್ನೀಷಿಯನ್
ಶಟ್‌ಡೌನ್ ಯಾಕೆ ಬೇಕು? ಪಾಕೆಟ್ ಇರುವುದೇ ಅದಕ್ಕೆ. ಸ್ಯಾಂಪಲ್ ಲೈನನ್ನು ಐಸೊಲೇಟ್ ಮಾಡಿ, ಒತ್ತಡವನ್ನು ನಿಧಾನವಾಗಿ ಇಳಿಸಿ, ಮೀಟರ್ ಎತ್ತಿ. ಕೊಳವೆ ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಎ ಮತ್ತು ಬಿ ಮೀಟರುಗಳನ್ನು ಅದಲುಬದಲು ಮಾಡಿ ಎರಡು ರಾತ್ರಿ ಬಿಡಿ. ವ್ಯತ್ಯಾಸ ಮೀಟರಿನ ಹಿಂದೆ ಹೋದರೆ ಸಿಲಿಂಡರ್ ಕೊಳೆ ಅಥವಾ ಸವೆತ. ಪಾಕೆಟ್‌ನಲ್ಲೇ ಉಳಿದರೆ ಎಣ್ಣೆ, ಫಿಲ್ಟರ್, ವಾಲ್ವ್ ನೋಡಿ.

ಲೆಕ್ಕದವನು
ಇದೊಂದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಪೂರ್ತಿ ಹೇಳಿ. ಮೀಟರ್ ಬದಲಿಸಿದಾಗ ಫ್ಲೋ ಕಂಪ್ಯೂಟರಿನಲ್ಲಿ ಕಂಪನದ ಪೀರಿಯಡ್ಡನ್ನು ಸಾಂದ್ರತೆಯಾಗಿ ಮಾರ್ಪಡಿಸುವ ಕೆ0, ಕೆ1, ಕೆ2 ಗುಣಾಂಕಗಳನ್ನೂ, ಉಷ್ಣಾಂಶ ತಿದ್ದುಪಡಿಯ ಗುಣಾಂಕಗಳನ್ನೂ ಜೊತೆಯಲ್ಲೇ ಬದಲಿಸಬೇಕು. ಪ್ರತಿ ಸಿಲಿಂಡರಿಗೂ ಅದರದ್ದೇ ಸರ್ಟಿಫಿಕೇಟ್. ಇಲ್ಲದಿದ್ದರೆ ನಿಮ್ಮ ಅದಲುಬದಲು ಏನನ್ನೂ ಹೇಳುವುದಿಲ್ಲ.

ಸುರತ್ಕಲ್ ಟೆಕ್ನೀಷಿಯನ್
ಅದು ಯಾರಿಗೆ ಗೊತ್ತಿಲ್ಲ?

ಲೆಕ್ಕದವನು
ನಮ್ಮ ಶಿಫ್ಟಿನವರಿಗೆ ಗೊತ್ತಿರಲಿಲ್ಲ. ಆದ್ದರಿಂದ ಬರೆದೆ.

ತುಮಕೂರು ಮೀಟರಿಂಗ್
ಎ ಮೀಟರಿನ ಸರ್ಟಿಫಿಕೇಟ್ ಫೈಲಿನಲ್ಲಿದೆ. ಬಿ ಮೀಟರಿನದ್ದು ಸಿಗುತ್ತಿಲ್ಲ, ಹುಡುಕಿಸುತ್ತಿದ್ದೇನೆ.

ದೋಹಾ ಕನ್ನಡಿಗ
ಮೀಟರಿನ ಮೇಲಿನ ಸೀರಿಯಲ್ ನಂಬರ್ ಕಳಿಸಿದರೆ ತಯಾರಕರು ಪ್ರತಿ ಕೊಡುತ್ತಾರೆ. ಅದು ಬರುವವರೆಗೆ ಬಿ ಮೀಟರನ್ನು ಮುಟ್ಟಬೇಡಿ. ಈಗ ಫ್ಲೋ ಕಂಪ್ಯೂಟರಿನಲ್ಲಿ ಇರುವ ಗುಣಾಂಕಗಳ ಫೋಟೊ ಇವತ್ತೇ ತೆಗೆದಿಟ್ಟುಕೊಳ್ಳಿ.