ಅಪ್‌ಡೇಟ್: ಅಪ್ಪನ ಬೆನ್ನುಮೂಳೆ ಎಂಆರ್‌ಐ, ಕೊನೆಗೂ ಉತ್ತರ ಸಿಕ್ಕಿತು

ಅಪ್ಪನ ಬೆನ್ನುಮೂಳೆಯ ಎಂಆರ್‌ಐನಲ್ಲಿ ಅಲ್ಲಲ್ಲಿ ಕಲೆಗಳಿವೆ, ಇದು ಬೇರೆ ಕಡೆಯಿಂದ ಹರಡಿದ ಕ್ಯಾನ್ಸರೋ ಮೈಲೋಮಾನೋ (ಮೂಳೆ ಮಜ್ಜೆಯ ಪ್ಲಾಸ್ಮಾ ಕೋಶಗಳಲ್ಲೇ ಹುಟ್ಟುವ ಕ್ಯಾನ್ಸರ್) ಅಂತ ಸ್ಕ್ಯಾನ್ ನೋಡಿಯೇ ಹೇಳಬಹುದಾ ಎಂದು ಕೇಳಿದ್ದೆ. ಮೈಲೋಮಾ ಅಂತ ಗೊತ್ತಾಯಿತು.

ರೇಡಿಯಾಲಜಿ ಡಾಕ್ಟರು ಕೂರಿಸಿಕೊಂಡು ತೋರಿಸಿದರು. ಆರೋಗ್ಯವಾದ ಮಜ್ಜೆಯಲ್ಲಿ ಕೊಬ್ಬಿರುತ್ತದೆ, ಹಾಗಾಗಿ ಟಿ1 ಅನ್ನೋ ಬಗೆಯ ಎಂಆರ್‌ಐ ಚಿತ್ರದಲ್ಲಿ ಅದು ಪಕ್ಕದ ಡಿಸ್ಕ್‌ಗಿಂತ ಬೆಳ್ಳಗೆ ಕಾಣುತ್ತದೆ, ಕ್ಯಾನ್ಸರ್ ತುಂಬಿದ ಕಡೆ ಕಪ್ಪಾಗುತ್ತದೆ. ಎರಡೂ ಕಾಯಿಲೆಯಲ್ಲಿ ಹೀಗೇ ಆಗುತ್ತದೆ, ಅಲ್ಲೇ ತೊಡಕು. ಆದರೆ ಹರಡಿದ ಕ್ಯಾನ್ಸರ್ ಹೆಚ್ಚಾಗಿ ಬೆನ್ನುಮೂಳೆಯ ಹಿಂಭಾಗವನ್ನು ಮುಂಭಾಗಕ್ಕೆ ಸೇರಿಸುವ ಪೆಡಿಕಲ್ ಅನ್ನೋ ಗಿಡ್ಡ ಭಾಗಕ್ಕೂ ಹೋಗುತ್ತದೆ, ಮೈಲೋಮಾ ಶುರುವಿನಲ್ಲಿ ಸಾಮಾನ್ಯವಾಗಿ ಅದನ್ನು ಮುಟ್ಟುವುದಿಲ್ಲ. ಅಪ್ಪನಿಗೆ ಪೆಡಿಕಲ್ ಚೆನ್ನಾಗಿತ್ತು, ಮಜ್ಜೆಯಲ್ಲಿ ಮಾತ್ರ ರಾಗಿ ಚೆಲ್ಲಿದ ಹಾಗೆ ಸಣ್ಣ ಸಣ್ಣ ಚುಕ್ಕೆ.

ಇಷ್ಟೆಲ್ಲಾ ಬರೀ ಸುಳಿವು. ಖಚಿತವಾಗಿದ್ದು ರಕ್ತದ ಪ್ರೋಟೀನ್‌ಗಳನ್ನು ಬೇರ್ಪಡಿಸಿ ನೋಡುವ ಎಲೆಕ್ಟ್ರೋಫೊರೆಸಿಸ್ ಪರೀಕ್ಷೆಯಲ್ಲಿ ಎಂ ಬ್ಯಾಂಡ್ (ಒಂದೇ ಬಗೆಯ ಅಸಹಜ ಪ್ರೋಟೀನ್‌ನ ಗುರುತು) ಬಂದು, ಮಜ್ಜೆಯ ಬಯಾಪ್ಸಿಯಲ್ಲಿ ಪ್ಲಾಸ್ಮಾ ಕೋಶಗಳು ಜಾಸ್ತಿ ಕಂಡ ಮೇಲೆ.

ಇನ್ನೊಂದು ಮಾತು, ಬೋನ್ ಸ್ಕ್ಯಾನ್ (ಎಂಆರ್‌ಐ ಅಲ್ಲ, ವಿಕಿರಣ ಸೂಸುವ ಔಷಧ ಚುಚ್ಚಿ ಮೂಳೆ ನೋಡುವ ಬೇರೆ ಪರೀಕ್ಷೆ) ನಾರ್ಮಲ್ ಅಂತ ಸುಮ್ನೆ ಕೂರಬೇಡಿ, ಮೈಲೋಮಾ ಎಷ್ಟೋ ಸಲ ಅದರಲ್ಲಿ ಕಾಣುವುದೇ ಇಲ್ಲ. ಕಾಲಿನ ಶಕ್ತಿ ಕುಂದಿದರೆ ಅಥವಾ ಮೂತ್ರ ಕಟ್ಟಿದರೆ ಅವತ್ತೇ ಆಸ್ಪತ್ರೆಗೆ ಓಡಿ, ನರದ ಮೇಲೆ ಒತ್ತಡ ಬಿದ್ದಿರಬಹುದು. ಅಪ್ಪನಿಗೆ ಚಿಕಿತ್ಸೆ ಶುರುವಾಗಿದೆ.