‘ಹಾರ್ಟ್‌ಲ್ಯಾಂಡ್ ರಾಕ್’: ಒಳನಾಡೋ, ತಿರುಳ್ನಾಡೋ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ರಾಕ್ ಹಾಡುಗಾರ ಬಾಬ್ ಸೀಗರ್ ಮತ್ತು ಅವರ ಸಿಲ್ವರ್ ಬುಲೆಟ್ ಬ್ಯಾಂಡ್ ಬಗ್ಗೆ ಒಂದು ಲೇಖನ ಬರೆಯಲು ಕೂತವನು ಮೊದಲ ಸಾಲಿನಲ್ಲೇ ನಿಂತುಬಿಟ್ಟಿದ್ದೇನೆ. ಇವರ ಸಂಗೀತಕ್ಕೆ ಅಮೆರಿಕದಲ್ಲಿ ‘ಹಾರ್ಟ್‌ಲ್ಯಾಂಡ್ ರಾಕ್’ ಅನ್ನುತ್ತಾರೆ. ಹಾರ್ಟ್‌ಲ್ಯಾಂಡ್ ಅಂದರೆ ಕರಾವಳಿಯಿಂದ ದೂರದ, ದೇಶದ ನಡುಭಾಗ. ಕನ್ನಡದಲ್ಲಿ ಏನನ್ನೋಣ? ‘ಹೃದಯಭೂಮಿ’ ಅಂದರೆ ಭಾವಗೀತೆಯ ವಾಸನೆ ಬರುತ್ತದೆ, ಅದು ಬೇಡ.

ಮೊದಲು ಹೊಳೆದದ್ದು ‘ಒಳನಾಡು’. ಹವಾಮಾನ ವರದಿಯಲ್ಲಿ ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಕೇಳಿ ಕೇಳಿ ಕಿವಿಗೆ ಪಳಗಿದ ಪದ. ಸೀಗರ್ ಮಿಶಿಗನ್‌ನವರು, ಕಾರು ಕಾರ್ಖಾನೆಗಳ ಡೆಟ್ರಾಯ್ಟ್ ಅವರ ನೆಲೆ, ಅವರಿಗೇನೋ ಸರಿ. ಆದರೆ ಇದೇ ಸಾಲಿಗೆ ಸೇರಿಸುವ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಕರಾವಳಿಯ ಕಡೆಯವರು, ಟಾಮ್ ಪೆಟಿ ಫ್ಲಾರಿಡಾದವರು. ಅಂದರೆ ಊರು ಎಲ್ಲಿದೆ ಅನ್ನುವುದಲ್ಲ, ಪಾಳಿ ಮುಗಿಸಿ ಮನೆಗೆ ಬರುವವರ, ಸಣ್ಣ ಊರುಗಳಲ್ಲಿ ಬೆಳೆದವರ ಬದುಕೇ ಇಲ್ಲಿ ‘ಹಾರ್ಟ್‌ಲ್ಯಾಂಡ್’. 1991ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಷೆವ್ರೊಲೆ ಟ್ರಕ್ಕುಗಳ ಜಾಹೀರಾತಿನಲ್ಲಿ ಸೀಗರ್ ಅವರ ‘ಲೈಕ್ ಎ ರಾಕ್’ ಹಾಡು ಓಡಿತೆಂದರೆ, ದುಡಿಯುವವರಿಗೆ ಆ ದನಿ ತಮ್ಮದೇ ಅನ್ನಿಸಿದ್ದರಿಂದ.

ಆಗ ‘ಕವಿರಾಜಮಾರ್ಗ’ ನೆನಪಾಯಿತು. ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನಾಡನ್ನು ಅದು ‘ಕನ್ನಡದ ತಿರುಳ್’ ಅನ್ನುತ್ತದಲ್ಲ! ನಡು ಮತ್ತು ಸಾರ, ಎರಡೂ ಒಂದೇ ಪದದಲ್ಲಿವೆ. ‘ತಿರುಳ್ನಾಡಿನ ರಾಕ್’ ಅಂದರೆ ಹೇಗೆ? ನನಗಿರುವ ಅಳುಕು ಒಂದೇ: ಅಲ್ಲಿ ತಿರುಳು ಅಂದರೆ ಮೇಲ್ಪಂಕ್ತಿಯ ನುಡಿ. ಕೈಗೆ ಗ್ರೀಸು ಮೆತ್ತಿಕೊಂಡವರ ಹಾಡಿಗೆ ಅದು ಒಗ್ಗೀತೇ?

ಇನ್ನೊಂದು ಪದ ‘ಟೂರ್’. ಈ ತಂಡದ ಬದುಕೇ ಅದು. ಡೆಟ್ರಾಯ್ಟ್‌ನಲ್ಲಿ ಮನೆಮಾತಾಗಿದ್ದರೂ ಹೊರಗೆ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. 1975ರ ಸೆಪ್ಟೆಂಬರಿನಲ್ಲಿ ಅಲ್ಲಿನ ಕೋಬೋ ಹಾಲ್‌ನಲ್ಲಿ ಹಾಡಿದ್ದನ್ನೇ ಧ್ವನಿಮುದ್ರಿಸಿ, ಮರುವರ್ಷ ‘ಲೈವ್ ಬುಲೆಟ್’ ಹೆಸರಿನ ಆಲ್ಬಮ್ ಆಗಿ ಹೊರತಂದ ಮೇಲೆ ದಾರಿ ತೆರೆಯಿತು. ಅದರಲ್ಲಿನ ‘ಟರ್ನ್ ದ ಪೇಜ್’ ಕೇಳಿ. ಮೊದಲಿಗೇ ಆಲ್ಟೊ ರೀಡ್ ಅವರ ಸ್ಯಾಕ್ಸೊಫೋನು, ಕತ್ತಲ ಹೆದ್ದಾರಿಯಲ್ಲಿ ಯಾರೋ ದೂರದಿಂದ ಕೂಗಿದಂತೆ. ಆಮೇಲೆ ದಣಿದ ದನಿಯಲ್ಲಿ ಊರಿಂದೂರಿಗೆ ಹೋಗುವವನ ಹಾಡು. ಇದನ್ನು ‘ಪ್ರವಾಸ’ ಅನ್ನಲು ಮನಸ್ಸು ಬರುವುದಿಲ್ಲ, ರಜೆಗೆ ಹೊರಟಂತಾಗುತ್ತದೆ. ನಾಟಕ ಕಂಪನಿಯವರ ‘ಕ್ಯಾಂಪು’ ಒಂದೇ ಊರಲ್ಲಿ ವಾರಗಟ್ಟಲೆ ನಿಲ್ಲುವಂಥದ್ದು. ಯಕ್ಷಗಾನ ಮೇಳದವರ ‘ತಿರುಗಾಟ’ವೇ ಸರಿ ಅನ್ನಿಸುತ್ತಿದೆ: ರಾತ್ರಿಯೆಲ್ಲ ಆಟ, ಬೆಳಗಾದರೆ ಮುಂದಿನ ಊರು. 2019ರಲ್ಲಿ ಸೀಗರ್ ವಿದಾಯ ಹೇಳಿದ್ದನ್ನು ‘ಕೊನೆಯ ತಿರುಗಾಟ’ ಎಂದು ಬರೆಯಬೇಕೆಂದಿದ್ದೇನೆ.

ಕರಾವಳಿಯ ಆಚೆಯವರು ಇದನ್ನು ಬರಿಯ ಅಲೆದಾಟ ಎಂದುಕೊಳ್ಳುವರೇ? ಬಯಲಾಟದ ತಂಡಗಳಲ್ಲಿ ಬೇರೆ ಪದ ಇದ್ದರೆ ದಯವಿಟ್ಟು ತಿಳಿಸಿ.